ಹೊರಾಂಗಣದ ಸೊಳ್ಳೆ ಟ್ರ್ಯಾಪ್: ಉಸಿರು, ನೀರು, ಬೆಳಕು – ಯಾವ ಆಮಿಷ ಯಾವ ಸೊಳ್ಳೆಗೆ?

ಸೊಳ್ಳೆ ಟ್ರ್ಯಾಪ್ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ವಿಸ್ತೀರ್ಣದ ಮೇಲೆ. ಅರ್ಧ ಎಕರೆ, ಒಂದು ಎಕರೆ ಎಂದೆಲ್ಲ ಬರೆದಿರುತ್ತಾರೆ. ಅದನ್ನು ಅಷ್ಟಾಗಿ ನಂಬಬೇಕಿಲ್ಲ. ಗಾಳಿ ಬೀಸುವ ದಿಕ್ಕು, ಗಿಡಗಂಟಿ, ಸೊಳ್ಳೆಯ ಜಾತಿ ಇವುಗಳಲ್ಲಿ ಯಾವುದು ಬದಲಾದರೂ ಆ ಅಂಕಿ ತಲೆಕೆಳಗಾಗುತ್ತದೆ. ಅಂಗಡಿಗೆ ಹೋಗುವ ಮೊದಲೇ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಬೇರೆ: ಕಚ್ಚುತ್ತಿರುವುದು ಯಾವುದು, ಯಾವ ಹೊತ್ತಿನಲ್ಲಿ?

ಹಗಲಲ್ಲೇ, ಅದರಲ್ಲೂ ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ, ಸದ್ದಿಲ್ಲದೆ ಕಣಕಾಲಿಗೆ ಕಚ್ಚುವ ಕಪ್ಪು ಮೈಯ, ಬಿಳಿ ಪಟ್ಟೆಯ ಸೊಳ್ಳೆ ಈಡಿಸ್. ಕತ್ತಲಾದ ಮೇಲೆ ಕಿವಿಯ ಹತ್ತಿರ ಗುಂಯ್‌ಗುಡುವ ಕಂದು ಸೊಳ್ಳೆ ಬಹುಪಾಲು ಕ್ಯೂಲೆಕ್ಸ್. ಗೋಡೆಯ ಮೇಲೆ ಹಿಂಭಾಗ ಎತ್ತಿ ಓರೆಯಾಗಿ ಕೂರುವುದು ಅನಾಫಿಲಿಸ್, ಅದೂ ರಾತ್ರಿಯದೇ. ಮುಸ್ಸಂಜೆ ಹೊತ್ತು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದೇನೋ ಚುಚ್ಚಿ ಉರಿಯೆಬ್ಬಿಸಿದರೆ ಅದು ಸೊಳ್ಳೆಯೇ ಅಲ್ಲ, ನುಸಿ. ಸುಡುಬಿಸಿಲಲ್ಲಿ ಬಂದು ಚರ್ಮ ಹರಿದು ರಕ್ತ ನೆಕ್ಕುವುದು ಕುದುರೆ ನೊಣ. ಇವು ಐದಕ್ಕೂ ಒಂದೇ ಟ್ರ್ಯಾಪ್ ಸಾಕೆಂದು ಯಾರಾದರೂ ಹೇಳಿದರೆ ಅವರ ಮಾತನ್ನು ಅಲ್ಲಿಗೇ ಬಿಡಿ.

ಮಾರುಕಟ್ಟೆಯಲ್ಲಿ ಹತ್ತಾರು ಮಾದರಿಗಳಿದ್ದರೂ ಅವು ಆಡುವ ನಾಟಕ ಮೂರೇ. ಒಂದು ಗುಂಪು ತಾನೇ ಉಸಿರಾಡುವ ಪ್ರಾಣಿ ಎಂದು ನಟಿಸುತ್ತದೆ. ಇನ್ನೊಂದು ಮೊಟ್ಟೆಯಿಡಲು ಹೇಳಿ ಮಾಡಿಸಿದ ನಿಂತ ನೀರೆಂದು ನಟಿಸುತ್ತದೆ. ಮೂರನೆಯದು ಬರೀ ಬೆಳಕು ತೋರಿಸುತ್ತದೆ. ಹೆಚ್ಚು ಮಾರಾಟವಾಗುವುದು ಮೂರನೆಯದು, ಕಡಿಮೆ ಕೆಲಸ ಮಾಡುವುದೂ ಅದೇ.

ಸೊಳ್ಳೆ ನಮ್ಮನ್ನು ಹುಡುಕುವ ಬಗೆ

ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆ ಬೆಳೆಸಲು. ಅದು ನಮ್ಮ ತನಕ ಬರುವುದು ಹಂತ ಹಂತವಾಗಿ. ಸುತ್ತಲಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 0.04ರಷ್ಟಿದ್ದರೆ ನಾವು ಬಿಡುವ ಉಸಿರಿನಲ್ಲಿ ಸುಮಾರು ಶೇ 4. ಈ ನೂರು ಪಟ್ಟಿನ ವ್ಯತ್ಯಾಸ ಗಾಳಿಯ ಜೊತೆ ಎಳೆಎಳೆಯಾಗಿ ಹತ್ತಾರು ಮೀಟರ್ ಸಾಗುತ್ತದೆ. ಸೊಳ್ಳೆಯ ಸೊಂಡಿಲಿನ ಪಕ್ಕದಲ್ಲಿರುವ ಎರಡು ಪುಟ್ಟ ಅಂಗಗಳಿಗೆ ಆ ಎಳೆ ತಾಕಿದೊಡನೆ ಅದು ಗಾಳಿಗೆ ಎದುರಾಗಿ ತಿರುಗಿ, ಎಡಕ್ಕೂ ಬಲಕ್ಕೂ ಹಾಯುತ್ತ ಮುಂದೆ ಬರುತ್ತದೆ. ಕೆಲವು ಮೀಟರ್ ಹತ್ತಿರವಾದಾಗ ಕಣ್ಣು ಕೆಲಸ ಶುರು ಮಾಡುತ್ತದೆ. ಹಿನ್ನೆಲೆಗೆ ಎದ್ದು ಕಾಣುವ ಕಪ್ಪು ಆಕಾರದತ್ತ ಅದು ಹೊರಳುತ್ತದೆ. ಇನ್ನೂ ಹತ್ತಿರದಲ್ಲಿ ಚರ್ಮದ ವಾಸನೆ, ಅಂದರೆ ಲ್ಯಾಕ್ಟಿಕ್ ಆಮ್ಲ, ಅಮೋನಿಯಾ, ಕೊಬ್ಬಿನ ಆಮ್ಲಗಳು. ಕೊನೆಯ ಗೇಣುದ್ದದಲ್ಲಿ ಮೈಯ ಬಿಸಿ ಮತ್ತು ತೇವ.

ಇದರಲ್ಲಿ ಕ್ರಮ ಮುಖ್ಯ. 2022ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಈಡಿಸ್ ಈಜಿಪ್ಟೈ ಸೊಳ್ಳೆಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಾರ್ಬನ್ ಡೈಆಕ್ಸೈಡ್ ಸೋಕಿದ ಮೇಲೆ ಅವು ಕೆಂಪು, ಕಿತ್ತಳೆ, ಕಪ್ಪು ಬಣ್ಣಗಳತ್ತ ಹಾರಿದವು. ಅದು ಇಲ್ಲದಿದ್ದಾಗ ಅದೇ ಬಣ್ಣಗಳನ್ನು ಕಡೆಗಣಿಸಿದವು. ಉಸಿರಿನ ವಾಸನೆ ಸೊಳ್ಳೆಯನ್ನು ಎಬ್ಬಿಸುತ್ತದೆ, ಉಳಿದದ್ದೆಲ್ಲ ದಾರಿ ತೋರಿಸುತ್ತದೆ. ಟ್ರ್ಯಾಪ್ ಕೊಳ್ಳುವಾಗ ಕೇಳಬೇಕಾದದ್ದು ಇದನ್ನೇ: ಇದರಲ್ಲಿ ಉಸಿರು ಎಷ್ಟು? ಆರಾಮವಾಗಿ ಕೂತ ವಯಸ್ಕನೊಬ್ಬ ನಿಮಿಷಕ್ಕೆ 200ರಿಂದ 250 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ಮುಂದಿನ ಲೆಕ್ಕಗಳಿಗೆಲ್ಲ ಇದೇ ಅಳತೆಗೋಲು.

ಗ್ಯಾಸ್ ಉರಿಸುವ ಟ್ರ್ಯಾಪ್

ಮಸ್ಕಿಟೊ ಮ್ಯಾಗ್ನೆಟ್ ಥರದ ಯಂತ್ರಗಳು ಪ್ರೊಪೇನ್ ಗ್ಯಾಸನ್ನು ಜ್ವಾಲೆಯಿಲ್ಲದೆ ವೇಗವರ್ಧಕದ ಮೇಲೆ ಉರಿಸುತ್ತವೆ. ಒಂದೇ ಉರಿಯಿಂದ ಕಾರ್ಬನ್ ಡೈಆಕ್ಸೈಡ್, ಬಿಸಿ, ನೀರಾವಿ ಮೂರೂ ಸಿಗುತ್ತವೆ; ಜಾನುವಾರಿನ ಉಸಿರಿಗೆ ಇದಕ್ಕಿಂತ ಹತ್ತಿರದ ನಕಲು ಇನ್ನೊಂದಿಲ್ಲ. ಒಂದು ಕಿಲೋ ಪ್ರೊಪೇನ್ ಪೂರ್ತಿ ಉರಿದರೆ ಮೂರು ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. 9 ಕಿಲೋ ಸಿಲಿಂಡರ್ ಮೂರು ವಾರ ಬಂದರೆ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ಆಯಿತು. ಎಂದರೆ ಅಂಗಳದಂಚಿನಲ್ಲಿ ಇಬ್ಬರು ಹಗಲೂ ರಾತ್ರಿ ಎದ್ದು ಹೋಗದೆ ಕೂತಂತೆ.

ಇದರ ಜೊತೆ ಆಕ್ಟೆನಾಲ್ ಬಿಲ್ಲೆ ಇಡುತ್ತಾರೆ. ಆಕ್ಟೆನಾಲ್ ಎತ್ತಿನ ಉಸಿರಿನಲ್ಲಿರುವ ವಸ್ತು. ಆಫ್ರಿಕಾದ ತ್ಸೆತ್ಸೆ ನೊಣ ಹಿಡಿಯುವ ಸಂಶೋಧನೆಯಿಂದ 1980ರ ದಶಕದಲ್ಲಿ ಬಳಕೆಗೆ ಬಂತು. ಅನಾಫಿಲಿಸ್‌ಗೆ, ಉಪ್ಪುನೀರಿನ ಜೌಗಿನಲ್ಲಿ ಹುಟ್ಟುವ ಈಡಿಸ್‌ಗಳಿಗೆ, ನುಸಿಗೆ ಅದು ಚೆನ್ನಾಗಿ ಹಿಡಿಸುತ್ತದೆ. ಕ್ಯೂಲೆಕ್ಸ್‌ಗೆ ಅಷ್ಟಕ್ಕಷ್ಟೇ. ಏಷ್ಯಾದ ಹುಲಿ ಸೊಳ್ಳೆ ಎನ್ನುವ ಈಡಿಸ್ ಆಲ್ಬೊಪಿಕ್ಟಸ್‌ಗೆ ಲ್ಯಾಕ್ಟಿಕ್ ಆಮ್ಲದ ಬಿಲ್ಲೆ ಬೇಕು. ಯಂತ್ರ ದುಬಾರಿಯದೇ ಇದ್ದರೂ ತಪ್ಪು ಬಿಲ್ಲೆ ಹಾಕಿದರೆ ಬಲೆ ಖಾಲಿ. ಬಿಲ್ಲೆಯ ಆಯುಸ್ಸೂ ಮೂರು ವಾರವೇ. ಸಿಲಿಂಡರ್ ಬದಲಿಸುವ ದಿನವೇ ಅದನ್ನೂ ಬದಲಿಸುವುದು ಒಳ್ಳೆಯ ಅಭ್ಯಾಸ.

ಕೆಡುವುದು ಹೆಚ್ಚಾಗಿ ಗ್ಯಾಸಿನ ದಾರಿಯಲ್ಲಿ. ಸಿಲಿಂಡರಿನ ತಳದ ಎಣ್ಣೆಯಂಥ ಜಿಡ್ಡು ರೆಗ್ಯುಲೇಟರ್ ದಾಟಿ ಸೂಜಿಮೊನೆಯಷ್ಟು ಸಣ್ಣ ಜೆಟ್ಟಿನ ತೂತನ್ನು ಕಟ್ಟುತ್ತದೆ. ಆಗ ಯಂತ್ರ ಶುರುವಾಗಿ ಹತ್ತಿಪ್ಪತ್ತು ನಿಮಿಷಕ್ಕೆ ಆರಿಹೋಗುತ್ತದೆ, ಅಥವಾ ಬಿಸಿಯೇರುವುದೇ ಇಲ್ಲ. ತಂತಿ ಹಾಕಿ ತೂತು ಚುಚ್ಚಬೇಡಿ, ಅಗಲವಾದರೆ ಗ್ಯಾಸು ಗಾಳಿಯ ಅಳತೆ ಕೆಡುತ್ತದೆ. ತಯಾರಕರು ಹೇಳಿದ ಕಡೆಯಿಂದ ಒತ್ತಿದ ಗಾಳಿ ಊದಿ ತೆರೆಸಬೇಕು. ಸಿಲಿಂಡರನ್ನು ಮಲಗಿಸಿ ಸಾಗಿಸಿದ್ದರೆ ಜೋಡಿಸುವ ಮೊದಲು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿಡಿ. ಬ್ಯೂಟೇನ್ ಬೆರೆತ ಅಡುಗೆ ಗ್ಯಾಸನ್ನು ಇದಕ್ಕೆ ಕೊಡಲಾಗದು: ಅದರ ಒತ್ತಡ ಕಡಿಮೆ, ಉರಿಯಲು ಬೇಕಾದ ಗಾಳಿ ಹೆಚ್ಚು, ಪ್ರೊಪೇನ್‌ಗೆಂದು ಅಳೆದ ಜೆಟ್ಟಿನಲ್ಲಿ ಅರೆಬರೆ ಉರಿದು ಮಸಿ ಕಟ್ಟುತ್ತದೆ. ಜೋಡಿಸಿದ ಪ್ರತಿ ಸಲವೂ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಮುಚ್ಚಿದ ಜಗಲಿಯೊಳಗಂತೂ ಇಂಥ ಟ್ರ್ಯಾಪ್ ಇಡಲೇಬಾರದು.

ದೊಡ್ಡ ತೋಟ, ಹತ್ತಿರದಲ್ಲಿ ಜೌಗು, ವಿದ್ಯುತ್ ತಂತಿ ತಲುಪದ ಮೂಲೆ: ಈ ಮೂರೂ ಇದ್ದರೆ ಇದೇ ಸರಿ. ಚಿಕ್ಕ ಅಂಗಳಕ್ಕೆ ಇದನ್ನು ತರುವುದು ಕರೆಯದ ಸೊಳ್ಳೆಗಳಿಗೂ ಆಮಂತ್ರಣ ಕೊಟ್ಟಂತೆ.

ಸಿಲಿಂಡರ್, ಡ್ರೈ ಐಸ್, ಯೀಸ್ಟ್

ಉರಿಸುವ ಗೊಡವೆ ಬೇಡವೆಂದರೆ ನೇರವಾಗಿ ಕಾರ್ಬನ್ ಡೈಆಕ್ಸೈಡನ್ನೇ ಬಿಡಬಹುದು. 9 ಕಿಲೋ ಗ್ಯಾಸೆಂದರೆ ಹತ್ತಿರ ಹತ್ತಿರ 5,000 ಲೀಟರ್. ನಿಮಿಷಕ್ಕೆ 500 ಮಿಲಿಲೀಟರ್ ಬಿಟ್ಟರೆ ಏಳು ದಿನ. 250 ಬಿಟ್ಟು, ಕಚ್ಚುವ ಹೊತ್ತಿನ 12 ಗಂಟೆಗೆ ಮಾತ್ರ ಟೈಮರ್ ಇಟ್ಟರೆ ನಾಲ್ಕು ವಾರ. ಟೈಮರ್ ಗ್ಯಾಸಿನ ವಾಲ್ವಿಗೆ ಮಾತ್ರ ಇರಲಿ, ಫ್ಯಾನಿಗೆ ಬೇಡ; ಫ್ಯಾನ್ ನಿಂತರೆ ಬಲೆಯೊಳಗಿನ ಜೀವಂತ ಸೊಳ್ಳೆಗಳು ಬಂದ ದಾರಿಯಲ್ಲೇ ಹೊರಬೀಳುತ್ತವೆ. ಈ ಗ್ಯಾಸು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರನ್ನು ನೆಲಮಾಳಿಗೆಯಲ್ಲೋ ಗಾಳಿಯಾಡದ ಉಗ್ರಾಣದಲ್ಲೋ ಇಟ್ಟು ಪೈಪ್ ಮಾತ್ರ ಹೊರಗೆ ಎಳೆಯುವ ಜಾಣತನ ಅಪಾಯಕಾರಿ.

ಸೊಳ್ಳೆ ಸಮೀಕ್ಷೆ ಮಾಡುವವರು ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿಸಿದ ಕಾರ್ಬನ್ ಡೈಆಕ್ಸೈಡ್, ಬಳಸುತ್ತಾರೆ. ಒಂದು ಕಿಲೋ ಡ್ರೈ ಐಸ್ ಆವಿಯಾದರೆ ಸುಮಾರು 540 ಲೀಟರ್ ಗ್ಯಾಸ್. ದಪ್ಪ ಗೋಡೆಯ ಡಬ್ಬಿಯಲ್ಲಿ ತೂತಿಟ್ಟು, ಅದು 12 ಗಂಟೆಯಲ್ಲಿ ಕರಗುವಂತೆ ನೋಡಿಕೊಂಡರೆ ನಿಮಿಷಕ್ಕೆ 750 ಮಿಲಿಲೀಟರ್; ಧಾರಾಳವಾಯಿತು. ಡಬ್ಬಿಯ ಬಾಯಿ ಬಿಗಿ ಮಾಡಿದರೆ ಸಿಡಿಯುತ್ತದೆ, ಬರಿಗೈಯಲ್ಲಿ ಹಿಡಿದರೆ ಮೈನಸ್ 78 ಡಿಗ್ರಿ ಚರ್ಮ ಸುಡುತ್ತದೆ. ಒಂದೆರಡು ರಾತ್ರಿಯ ಪರೀಕ್ಷೆಗೆ ಒಳ್ಳೆಯದು, ದಿನಬಳಕೆಗಲ್ಲ.

ಇನ್ನು ಎಲ್ಲರ ಫೋನಿಗೂ ಬರುವ ಬಾಟಲಿ ಟ್ರ್ಯಾಪ್: ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಕುತ್ತಿಗೆ ತಲೆಕೆಳಗೆ ಸಿಕ್ಕಿಸಿ, 50 ಗ್ರಾಂ ಸಕ್ಕರೆ, ಒಂದು ಚಿಟಿಕೆ ಯೀಸ್ಟ್, ಒಂದು ಲೋಟ ನೀರು. ಎರಡು ವಾರ ಬರುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿ. 50 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೂ ಸಿಗುವುದು 26 ಗ್ರಾಂಗಿಂತ ಕಡಿಮೆ ಗ್ಯಾಸ್, ಸುಮಾರು 14 ಲೀಟರ್. ಅದನ್ನು ಎರಡು ವಾರದ 20,160 ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ ಒಂದು ಮಿಲಿಲೀಟರೂ ಇಲ್ಲ. ಪಕ್ಕದಲ್ಲಿ ಕೂತ ಮನುಷ್ಯ ಅದರ ಮುನ್ನೂರು ಪಟ್ಟು ಬಿಡುತ್ತಿರುತ್ತಾನೆ. ಮೇಲಾಗಿ ಒಳಗೆಳೆಯಲು ಫ್ಯಾನಿಲ್ಲ. ಬಂದ ಸೊಳ್ಳೆ ಬಾಟಲಿಯ ಮೇಲೆ ಕೂತು ಹೋದರೂ ಆಯಿತು. ಅದರಲ್ಲಿ ಬಿದ್ದು ಸಾಯುವುದು ಬಹುಪಾಲು ಹುಳಿವಾಸನೆಗೆ ಬರುವ ಹಣ್ಣಿನ ನೊಣಗಳು.

ಯೀಸ್ಟಿನಿಂದ ನಿಜವಾಗಿ ಕೆಲಸ ತೆಗೆಯಬೇಕಾದರೆ ಪ್ರಮಾಣ ಬೇರೆಯೇ: ಒಂದು ರಾತ್ರಿಗೆ 250 ಗ್ರಾಂ ಸಕ್ಕರೆ, 17ರಿಂದ 20 ಗ್ರಾಂ ಒಣ ಯೀಸ್ಟ್, ಎರಡೂವರೆ ಲೀಟರ್ ಉಗುರುಬೆಚ್ಚಗಿನ ನೀರು. 12 ಗಂಟೆಯಲ್ಲಿ ಹೆಚ್ಚೆಂದರೆ 70 ಲೀಟರ್, ಅಂದರೆ ನಿಮಿಷಕ್ಕೆ ನೂರು ಮಿಲಿಲೀಟರಿನ ಆಸುಪಾಸು. ಅದನ್ನು ಪೈಪಿನ ಮೂಲಕ ಫ್ಯಾನ್ ಇರುವ ಟ್ರ್ಯಾಪಿನ ಬಾಯಿಗೆ ತಂದರೆ ಫಲ ಕಾಣುತ್ತದೆ. ನೊರೆ ಉಕ್ಕಿ ಪೈಪ್ ಕಟ್ಟದಂತೆ ಪಾತ್ರೆಯ ಮೂರನೇ ಒಂದು ಭಾಗ ಖಾಲಿ ಬಿಡಿ. ನೀರು ತಣ್ಣಗಿದ್ದರೆ ಯೀಸ್ಟ್ ಏಳುವುದೇ ತಡವಾಗುತ್ತದೆ. ಸೊಳ್ಳೆ ಬರುವ ಹೊತ್ತಿಗೆ ಗಂಟೆ ಎರಡು ಗಂಟೆ ಮುಂಚೆ ಕಲಸಿಡಬೇಕು.

ಚರ್ಮದ ವಾಸನೆ ಮತ್ತು ಫ್ಯಾನ್

ಹಗಲು ಕಚ್ಚುವ ಈಡಿಸ್‌ಗೆ ನಾವು ಮೊದಲು ಸೂಚಿಸುವುದು ಇದನ್ನು. ಜರ್ಮನಿಯ ಬಯೋಜೆಂಟ್ಸ್ ಕಂಪನಿಯ ಬಿಜಿ-ಸೆಂಟಿನೆಲ್ ಸಂಶೋಧಕರು ಜಗತ್ತಿನಾದ್ಯಂತ ಬಳಸುವ ಮಾದರಿ. ಮನೆಬಳಕೆಗೆ ಅದರ ತಮ್ಮಂದಿರೂ ಇವೆ. ನೋಡಲು ಬಟ್ಟೆ ಹಾಕುವ ಬುಟ್ಟಿಯಂತೆ. ಮೇಲ್ಭಾಗಕ್ಕೆ ಬಿಳಿ ಜಾಲರಿ, ನಡುವೆ ಕಪ್ಪು ಕೊಳವೆ, ಒಳಗೆ ಬಲೆ, ಬಲೆಯ ಕೆಳಗೆ ಫ್ಯಾನ್. ಕೊಳವೆಯಿಂದ ಒಳಗೆ ಎಳೆದ ಗಾಳಿಯೇ ವಾಸನೆಯ ಪೊಟ್ಟಣವನ್ನು ಸವರಿಕೊಂಡು ಬಿಳಿ ಜಾಲರಿಯಿಂದ ನಿಧಾನವಾಗಿ ಮೇಲೇಳುತ್ತದೆ, ಮನುಷ್ಯನ ಮೈಯಿಂದ ಬಿಸಿಗಾಳಿ ಏಳುವ ಹಾಗೆ. ಬಿಳಿಯ ನಡುವೆ ಎದ್ದು ಕಾಣುವ ಕಪ್ಪು ಬಾಯಿಯತ್ತ ಬಂದ ಸೊಳ್ಳೆ ಸುಳಿಗೆ ಸಿಕ್ಕುತ್ತದೆ. ಪೊಟ್ಟಣದಲ್ಲಿರುವುದು ಲ್ಯಾಕ್ಟಿಕ್ ಆಮ್ಲ, ಅಮೋನಿಯಾ, ಕೆಪ್ರೋಯಿಕ್ ಆಮ್ಲ. ಕಾರ್ಬನ್ ಡೈಆಕ್ಸೈಡ್ ಇಲ್ಲದೆಯೂ ಇದು ಈಡಿಸ್ ಹಿಡಿಯುತ್ತದೆ, ಸೇರಿಸಿದರೆ ಹಿಡಿತ ಚೆನ್ನಾಗಿ ಏರುತ್ತದೆ, ರಾತ್ರಿಯ ಜಾತಿಗಳೂ ಬೀಳುತ್ತವೆ.

ಹಿಡಿಯುವ ಕೆಲಸವೆಲ್ಲ ಫ್ಯಾನಿನದು. ಸೊಳ್ಳೆ ಸೆಕೆಂಡಿಗೆ ಒಂದು ಮೀಟರಿನ ಆಚೀಚೆ ಹಾರಬಲ್ಲದು. ಬಾಯಲ್ಲಿ ಎಳೆತ ಅದಕ್ಕಿಂತ ಎರಡು ಮೂರು ಪಟ್ಟಿರಬೇಕು. ಪರೀಕ್ಷೆ ಸುಲಭ. ಟಿಶ್ಯೂ ಕಾಗದದ ಬೆರಳಗಲ ಪಟ್ಟಿಯೊಂದನ್ನು ಬಾಯಿಯ ಅಂಚಿಗೆ ಹಿಡಿಯಿರಿ. ಪಟ್ಟಿ ಪಟ್ಟನೆ ಒಳಕ್ಕೆ ಮಡಚಿಕೊಂಡು ಅಲ್ಲೇ ನಿಂತರೆ ಸರಿ. ಸುಮ್ಮನೆ ಅಲುಗಾಡಿದರೆ ಬಲೆ ತುಂಬಿದೆ, ಎಲೆ ಸಿಕ್ಕಿದೆ, ಇಲ್ಲವೇ ಫ್ಯಾನಿನ ರೆಕ್ಕೆಗೆ ದೂಳು ಮೆತ್ತಿದೆ. ಹೊರಕ್ಕೆ ಹಾರಿದರೆ ತಂತಿ ತಿರುಗುಮುರುಗಾಗಿದೆ. ಬ್ರಷ್ ಇರುವ ಚಿಕ್ಕ ಡಿ.ಸಿ. ಮೋಟಾರಿಗೆ ಪ್ಲಸ್ ಮೈನಸ್ ಅದಲುಬದಲಾದರೆ ಹಿಮ್ಮುಖವಾಗಿ ತಿರುಗುತ್ತಲೇ ಇರುತ್ತದೆ, ಸದ್ದಿನಲ್ಲಿ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಬ್ಯಾಟರಿಯಲ್ಲಿ ಓಡಿಸುವವರು ಗಮನಿಸಿ: 12 ವೋಲ್ಟಿನ ಫ್ಯಾನ್ 0.3 ಆಂಪಿಯರ್ ಎಳೆದರೆ ದಿನಕ್ಕೆ 7.2 ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ 15 ಆಂಪಿಯರ್-ಗಂಟೆಯದಾದರೂ ಬೇಕು. ಚಿಕ್ಕದು ಹಾಕಿದರೆ ಬೆಳಗಿನ ಜಾವಕ್ಕೆ ವೋಲ್ಟೇಜ್ ಕುಸಿದು, ರಾತ್ರಿಯೆಲ್ಲ ಹಿಡಿದದ್ದು ಬೆಳಕು ಹರಿಯುವ ಮುನ್ನ ಪಾರಾಗಿರುತ್ತದೆ.

ನೀಲಿ ದೀಪಗಳು

ಚಟಪಟ ಸದ್ದು ಮಾಡುವ ಕರೆಂಟ್ ಜಾಲರಿಯ ದೀಪದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. 1996ರಲ್ಲಿ ಪ್ರಕಟವಾದ ಡೆಲವೇರ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಆರು ಮನೆಗಳ ಅಂಗಳದ ದೀಪಗಳು ಕೊಂದ 13,789 ಕೀಟಗಳನ್ನು ಎಣಿಸಿದಾಗ ಅವುಗಳಲ್ಲಿ ಕಚ್ಚುವಂಥವು 31. ಶೇಕಡಾ 0.22. ಉಳಿದವು ಪತಂಗ, ಜೀರುಂಡೆ, ಕಚ್ಚದ ನುಸಿ, ಬೇರೆ ಕೀಟಗಳನ್ನು ತಿಂದು ಉಪಕಾರ ಮಾಡುವಂಥವು. ಆ ಸದ್ದು ಕೇಳಿ ಸಿಗುವ ಸಮಾಧಾನವೇ ಅದರ ಮುಖ್ಯ ಉತ್ಪನ್ನ ಎನ್ನಬೇಕು. ಸತ್ತ ಕೀಟದ ಚೂರುಗಳು ಸಿಡಿಯುವುದರಿಂದ ಊಟದ ಮೇಜಿನ ಹತ್ತಿರ ಅದು ಬೇಡವೇ ಬೇಡ.

ಅತಿನೇರಳೆ ದೀಪದ ಜೊತೆ ಫ್ಯಾನ್ ಇರುವಂಥವು ಸ್ವಲ್ಪ ವಾಸಿ. ಕ್ಯೂಲೆಕ್ಸ್, ಅನಾಫಿಲಿಸ್ ಕತ್ತಲಲ್ಲಿ ಒಂದಿಷ್ಟು ಬೆಳಕಿಗೆ ಬರುತ್ತವೆ; ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಹೆಸರಿನಲ್ಲಿ 1960ರ ದಶಕದಿಂದ ಬಳಕೆಯಲ್ಲಿರುವ ಪುಟ್ಟ ಟ್ರ್ಯಾಪಿನಲ್ಲಿ ದೀಪವಿದೆ, ಆದರೆ ಪಕ್ಕದಲ್ಲಿ ಡ್ರೈ ಐಸ್ ತೂಗುಹಾಕುವುದೂ ರೂಢಿ. ಹಗಲು ಕಚ್ಚುವ ಈಡಿಸ್‌ಗೆ ದೀಪದ ಹಂಗಿಲ್ಲ. ದೀಪದ ಸುತ್ತ ಟೈಟಾನಿಯಂ ಡೈಆಕ್ಸೈಡ್ ಲೇಪಿಸಿ 'ಇದು ಉಸಿರು ಬಿಡುತ್ತದೆ' ಎಂದು ಮಾರುವವರೂ ಇದ್ದಾರೆ. ಲೇಪಕ್ಕೆ ಅಂಟಿದ ದೂಳಿನಂಥ ಸಾವಯವ ಕಣ ಕರಗಿ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಉಸಿರಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಇಂಗಾಲ ಬರಬೇಕಾದರೆ ಇಂಗಾಲ ಎಲ್ಲಿಂದಲಾದರೂ ಒಳಗೆ ಹೋಗಬೇಕಲ್ಲ. ಟ್ಯೂಬ್ ಇರುವಂಥದ್ದಾದರೆ ವರ್ಷಕ್ಕೊಮ್ಮೆ ಬದಲಿಸಿ, ಕಣ್ಣಿಗೆ ನೀಲಿ ಕಾಣುತ್ತಿದ್ದರೂ ಅತಿನೇರಳೆ ಅಂಶ ಆಗಲೇ ಇಳಿದಿರುತ್ತದೆ.

ಕಿವಿಗೆ ಕೇಳದ ಸದ್ದಿನಿಂದ ಸೊಳ್ಳೆ ಓಡಿಸುವುದಾಗಿ ಹೇಳುವ ಅಲ್ಟ್ರಾಸೌಂಡ್ ಪೆಟ್ಟಿಗೆಗಳನ್ನು ಇಲ್ಲಿ ಹೋಲಿಸಿಯೇ ಇಲ್ಲ. ಹತ್ತು ಕ್ಷೇತ್ರ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2007ರ ಕಾಕ್ರೇನ್ ವಿಮರ್ಶೆಯಲ್ಲಿ ಅವು ಒಂದು ಕಚ್ಚನ್ನೂ ತಪ್ಪಿಸಿದ ಪುರಾವೆ ಸಿಗಲಿಲ್ಲ.

ಮೊಟ್ಟೆಯಿಡಲು ಬಂದದ್ದನ್ನು ಹಿಡಿಯುವುದು

ಕರೆಂಟೂ ಬೇಡ, ಗ್ಯಾಸೂ ಬೇಡ, ಸದ್ದೂ ಇಲ್ಲ. ರಕ್ತ ಕುಡಿದು ಮೂರು ನಾಲ್ಕು ದಿನ ಕಳೆದ ಹೆಣ್ಣು ಸೊಳ್ಳೆ ಮೊಟ್ಟೆಗೆ ನೀರು ಹುಡುಕುತ್ತದೆ. ಈಡಿಸ್‌ಗೆ ಬೇಕಾದದ್ದು ನೆರಳಿನಲ್ಲಿರುವ ಕಪ್ಪು ಪಾತ್ರೆ, ಎಲೆ ಕೊಳೆತ ವಾಸನೆಯ ನೀರು. ಅದನ್ನೇ ಕೊಟ್ಟು, ನೀರು ಮುಟ್ಟಲು ಬಿಡದೆ ಹಿಡಿಯುವುದು ಈ ಟ್ರ್ಯಾಪಿನ ಉಪಾಯ. ಒಂದು ಬಗೆಯಲ್ಲಿ ಕಪ್ಪು ಬಕೆಟ್ಟಿನ ಮೇಲೆ ಅರೆಪಾರದರ್ಶಕ ಗುಮ್ಮಟವಿರುತ್ತದೆ. ಒಳಹೊಕ್ಕ ಸೊಳ್ಳೆಗೆ ಜಾಲರಿಯಿಂದಾಗಿ ನೀರು ಸಿಗುವುದಿಲ್ಲ, ಬೆಳಕಿನತ್ತ ಹಾರಿ ಗುಮ್ಮಟಕ್ಕೆ ಬಡಿಯುತ್ತದೆ, ಕೊನೆಗೆ ಎಣ್ಣೆ ಸವರಿದ ಗೋಡೆಗೋ ಅಂಟು ಹಾಳೆಗೋ ಮೆತ್ತಿಕೊಳ್ಳುತ್ತದೆ. ಇನ್ನೊಂದರಲ್ಲಿ 19 ಲೀಟರಿನ ಕಪ್ಪು ಬಕೆಟ್, 10 ಲೀಟರ್ ನೀರು, ಒಣಹುಲ್ಲಿನ ಪೊಟ್ಟಣ, ಬಾಯಿಯ ಒಳಸುತ್ತಿಗೆ ಅಂಟು. ಎರಡು ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕು. ಪೋರ್ಟೊ ರಿಕೊದಲ್ಲಿ ಮನೆಗೆ ಮೂರರಂತೆ, ಬಡಾವಣೆಯ ಶೇ 85ಕ್ಕೂ ಹೆಚ್ಚು ಮನೆಗಳಲ್ಲಿ ಇಟ್ಟಾಗ ಈಡಿಸ್ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು.

ಆ 'ಶೇ 85 ಮನೆ' ಎನ್ನುವುದನ್ನು ಗಮನಿಸಬೇಕು. ಒಂದೇ ಮನೆಯವರು ಒಂದೇ ಬಕೆಟ್ ಇಟ್ಟು ಅದ್ಭುತ ನಿರೀಕ್ಷಿಸುವಂತಿಲ್ಲ. ಈ ಟ್ರ್ಯಾಪ್ ಹಸಿದ ಸೊಳ್ಳೆಯನ್ನು ಹಿಡಿಯುವುದೂ ಇಲ್ಲ. ಇಂದು ಸಂಜೆ ಕಚ್ಚುವುದನ್ನು ತಪ್ಪಿಸದೆ, ಮುಂದಿನ ತಿಂಗಳಿನ ಸಂತತಿಯನ್ನು ಕಡಿಮೆ ಮಾಡುತ್ತದೆ. ಸುತ್ತಮುತ್ತ ಟಯರು, ಕುಂಡದ ತಟ್ಟೆ, ಮುಚ್ಚಳವಿಲ್ಲದ ಡ್ರಮ್ಮುಗಳಿದ್ದರೆ ಸೊಳ್ಳೆಗೆ ಅವೇ ಪ್ರಿಯ, ಟ್ರ್ಯಾಪಿಗೆ ಸರದಿಯೇ ಬರುವುದಿಲ್ಲ. ಈಡಿಸ್ ಒಂದೇ ಕಡೆ ಎಲ್ಲ ಮೊಟ್ಟೆ ಇಡದೆ ನಾಲ್ಕಾರು ಕಡೆ ಹಂಚಿ ಇಡುತ್ತದೆ ಎನ್ನುವುದೂ ನೆನಪಿರಲಿ.

ಮನೆಯಲ್ಲೇ ಮಾಡುವವರು ಇಲ್ಲೇ ಎಡವುವುದು. ಕಪ್ಪು ಡಬ್ಬಿಯಲ್ಲಿ ನೀರಿಟ್ಟು ಮರೆತರೆ ಅದು ಟ್ರ್ಯಾಪ್ ಅಲ್ಲ, ಹೆರಿಗೆ ಮನೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಜಾಲರಿ ಹರಿದಿದ್ದರೆ, ಮಳೆನೀರು ತುಂಬಿ ಜಾಲರಿಯ ಮೇಲೆ ಬಂದಿದ್ದರೆ ಆಟ ಮುಗಿಯಿತು. ಬಕೆಟ್ಟಿನ ಪಕ್ಕಕ್ಕೆ, ನೀರು ನಿಲ್ಲಬೇಕಾದ ಮಟ್ಟದಲ್ಲಿ, ಹೆಚ್ಚುವರಿ ನೀರು ಹರಿದುಹೋಗುವ ತೂತುಗಳಿರಲಿ. ಅವಕ್ಕೂ ಸಣ್ಣ ಜಾಲರಿ ಅಂಟಿಸಿ. ನೀರಿಗೆ ಬಿಟಿಐ ಎಂಬ, ಸೊಳ್ಳೆಮರಿ ಕೊಲ್ಲುವ ಬ್ಯಾಕ್ಟೀರಿಯಾದ ಲಾರ್ವಾನಾಶಕ ಹಾಕಿಟ್ಟರೆ ಇನ್ನಷ್ಟು ಕ್ಷೇಮ. ಖಾಲಿ ಮಾಡಿದಾಗ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ; ಈಡಿಸ್ ಮೊಟ್ಟೆ ನೀರಿನ ಗೆರೆಯ ಮೇಲೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದೆ.

ನುಸಿಗೆ, ಕುದುರೆ ನೊಣಕ್ಕೆ

ನುಸಿಗೆ ಕಾರ್ಬನ್ ಡೈಆಕ್ಸೈಡ್, ಆಕ್ಟೆನಾಲ್ ಎರಡೂ ಸೇರಿದ ಟ್ರ್ಯಾಪ್ ಬೇಕು, ಬಲೆಯೂ ಬೇರೆ ಬೇಕು. ಅದರ ಮೈ ಒಂದರಿಂದ ಮೂರು ಮಿಲಿಮೀಟರ್. ಸಾಮಾನ್ಯ ಸೊಳ್ಳೆ ಬಲೆಯ ಕಣ್ಣಿಂದ ತೂರಿಹೋಗುತ್ತದೆ. ಅರ್ಧ ಮಿಲಿಮೀಟರ್ ಕಣ್ಣಿನ ಬಲೆ ಹಾಕಬೇಕು. ಹಾಗೆ ಹಾಕಿದಾಗ ಗಾಳಿಯ ಎಳೆತ ತಗ್ಗುವುದರಿಂದ ಟಿಶ್ಯೂ ಪರೀಕ್ಷೆ ಮತ್ತೊಮ್ಮೆ ಮಾಡಿ.

ಕುದುರೆ ನೊಣಕ್ಕೆ ಇವಾವುದೂ ಆಗದು. ಬಿಸಿಲಿಗೆ ತೂಗುಬಿಟ್ಟ ದೊಡ್ಡ ಕಪ್ಪು ಚೆಂಡು, ಅದರ ಮೇಲೆ ಆಲಿಕೆಯಾಕಾರದ ಬಟ್ಟೆ, ತುದಿಗೆ ಬಾಟಲಿ, ಅಷ್ಟೇ. ಬಿಸಿಲಿಗೆ ಕಾದ ಚೆಂಡು ಜಾನುವಾರಿನ ಮೈಯಂತೆ ಕಾಣುತ್ತದೆ, ಕಚ್ಚಲಾಗದ ನೊಣ ತನ್ನ ರೂಢಿಯಂತೆ ಮೇಲಕ್ಕೆ ಹಾರಿ ಬಾಟಲಿ ಸೇರುತ್ತದೆ. ಬಾಟಲಿಯ ನೀರಿಗೆ ಒಂದೆರಡು ಹನಿ ಸೋಪು ಹಾಕಿದರೆ ಮುಳುಗುತ್ತದೆ. ನೆರಳಲ್ಲಿಟ್ಟರೆ ಏನೂ ಬೀಳುವುದಿಲ್ಲ. ಉಳಿದೆಲ್ಲ ಟ್ರ್ಯಾಪಿಗೆ ನೆರಳು ಬೇಕು, ಇದಕ್ಕೊಂದಕ್ಕೆ ಬಿಸಿಲು.

ಎಲ್ಲಿ ಇಡಬೇಕು

ಟ್ರ್ಯಾಪ್ ತಂದವರು ಅದನ್ನು ಕೂರುವ ಕುರ್ಚಿಯ ಪಕ್ಕದಲ್ಲೇ ಇಡುತ್ತಾರೆ. ದೂರದ ಸೊಳ್ಳೆಗಳನ್ನು ಕರೆತಂದು ಮನುಷ್ಯನ ಪಕ್ಕ ಬಿಟ್ಟಂತಾಯಿತು. ಟ್ರ್ಯಾಪಿಗಿಂತ ಮನುಷ್ಯ ರುಚಿ ಎಂದು ಸೊಳ್ಳೆಗೆ ಗೊತ್ತು. ಗ್ಯಾಸಿನ ಟ್ರ್ಯಾಪನ್ನು ಜನ ಕೂರುವ ಜಾಗದಿಂದ ಹತ್ತು ಮೀಟರಿಗೂ ಆಚೆ, ಸೊಳ್ಳೆ ಅಡಗುವ ಪೊದೆಗೂ ಮನೆಗೂ ನಡುವೆ ಇಡಿ. ಗಾಳಿ ಟ್ರ್ಯಾಪಿನಿಂದ ಪೊದೆಯ ಕಡೆಗೆ ಬೀಸುವಂತಿರಲಿ. ಗೊತ್ತಾಗದಿದ್ದರೆ ಊದುಬತ್ತಿ ಹಚ್ಚಿ ಸಂಜೆ ಹೊತ್ತಿನಲ್ಲಿ ಹೊಗೆ ಎತ್ತ ಸಾಗುತ್ತದೆಂದು ನೋಡಿ. ಮಧ್ಯಾಹ್ನದ ಗಾಳಿಯ ದಿಕ್ಕು ಸಂಜೆಗೆ ಉಪಯೋಗಕ್ಕೆ ಬಾರದು.

ಈಡಿಸ್ ಟ್ರ್ಯಾಪ್ ನೆಲದ ಮೇಲೆ, ಗಿಡದ ಬುಡದಲ್ಲಿ, ಗಾಳಿ ಹೊಡೆಯದ ನೆರಳಿನಲ್ಲಿರಬೇಕು, ಕಪ್ಪು ಬಾಯಿ ಮಾತ್ರ ಮೇಲಿನಿಂದ ಕಾಣುವಂತೆ. ದೀಪದ ಟ್ರ್ಯಾಪನ್ನು ಒಂದೂವರೆ ಮೀಟರ್ ಎತ್ತರಕ್ಕೆ, ಬೇರೆ ದೀಪಗಳಿಂದ ದೂರ ತೂಗುಹಾಕಿ. ಎಲ್ಲೇ ಇಟ್ಟರೂ ಒಂದು ವಾರ ಎಣಿಸಿ, ಐದಾರು ಮೀಟರ್ ಸರಿಸಿ, ಮತ್ತೊಂದು ವಾರ ಎಣಿಸಿ. ಒಂದೇ ಅಂಗಳದ ಎರಡು ಮೂಲೆಗಳ ನಡುವೆ ಹತ್ತು ಪಟ್ಟು ವ್ಯತ್ಯಾಸ ಬಂದರೂ ಆಶ್ಚರ್ಯಪಡಬೇಡಿ.

ಬಲೆ ಬಿಚ್ಚಿ ನೋಡಿ

ಎಣಿಸುವುದೆಂದರೆ ಬಲೆಯ ಭಾರ ನೋಡುವುದಲ್ಲ. ಫ್ಯಾನ್ ಓಡುತ್ತಿರುವಾಗಲೇ ಬಲೆಯ ಬಾಯಿ ಕಟ್ಟಿ ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಆಮೇಲೆ ಬಿಳಿ ಕಾಗದದ ಮೇಲೆ ಸುರಿದು, ಕೈಮಸೂರದಲ್ಲಿ ತಲೆಯನ್ನು ನೋಡಿ. ತಲೆಯ ಮುಂದೆ ಮೈಯ ಅರ್ಧದಷ್ಟು ಉದ್ದದ ನೇರ ಸೊಂಡಿಲಿದ್ದರೆ ಸೊಳ್ಳೆ. ಸೊಂಡಿಲೇ ಇಲ್ಲದೆ, ಮುಂಗಾಲು ಎತ್ತಿಕೊಂಡು ಸತ್ತಂತಿರುವ ಹಸಿರು ಅಥವಾ ಕಂದು ಹುಳ ಕಚ್ಚದ ನುಸಿ. ಕೆರೆಯ ಹತ್ತಿರ ದೀಪದ ಟ್ರ್ಯಾಪಿನಲ್ಲಿ 'ಒಂದೇ ರಾತ್ರಿಗೆ ಸಾವಿರ ಸೊಳ್ಳೆ' ಎಂದು ತೋರಿಸುವ ರಾಶಿ ಬಹುಮಟ್ಟಿಗೆ ಇದೇ. ಸೊಂಡಿಲಿದ್ದು ಮೀಸೆ ಹಕ್ಕಿಗರಿಯಂತೆ ಪೊದೆಯಾಗಿದ್ದರೆ ಗಂಡು, ಅದು ಕಚ್ಚುವುದೇ ಇಲ್ಲ. ಮೀಸೆ ಬೋಳಾಗಿ, ಕಾಲಿಗೆ ಬಿಳಿ ಉಂಗುರಗಳಿದ್ದರೆ ನೀವು ಹುಡುಕುತ್ತಿದ್ದ ಈಡಿಸ್ ಹೆಣ್ಣು. ಈ ಕೊನೆಯ ಗುಂಪಿನ ಲೆಕ್ಕ ಮಾತ್ರ ಬರೆದಿಡಿ.

ಬಲೆಯಲ್ಲಿ ಬರೀ ಕಾಲು ರೆಕ್ಕೆಗಳಿದ್ದು ಮೈಗಳಿಲ್ಲದಿದ್ದರೆ ಇರುವೆ ಹತ್ತಿದೆ. ಟ್ರ್ಯಾಪಿನ ಕಾಲುಗಳಿಗೋ ತೂಗುವ ಹಗ್ಗಕ್ಕೋ ಗ್ರೀಸ್ ಹಚ್ಚಿ. ಬಾಯಿಗೆ ಅಡ್ಡ ಜೇಡ ಬಲೆ ಕಟ್ಟಿದ್ದರೆ ಅದರ ಊಟ ನಿಮ್ಮ ಖರ್ಚಿನಲ್ಲಿ ನಡೆದಿದೆ. ಮಳೆಗೆ ಒದ್ದೆಯಾದ ಬಲೆ ಗಾಳಿ ಬಿಡುವುದಿಲ್ಲ, ಒಂದು ಬಲೆ ಒಣಗುವಾಗ ಹಾಕಲು ಇನ್ನೊಂದನ್ನು ತೊಳೆದಿಟ್ಟಿರಿ. ತೊಳೆಯುವಾಗ ಪರಿಮಳದ ಸೋಪು ಬೇಡ, ಟ್ರ್ಯಾಪಿನ ಹತ್ತಿರ ಕೀಟನಾಶಕ ಸಿಂಪಡಿಸುವುದೂ ಬೇಡ. ಎರಡು ವಾರ ಒಂದೂ ಹೆಣ್ಣು ಬೀಳದೆ ಕಚ್ಚುವುದು ಮಾತ್ರ ಮುಂದುವರಿದರೆ ಮೊದಲು ಬಿಲ್ಲೆಯ ತಾರೀಖು ನೋಡಿ, ಆಮೇಲೆ ಟಿಶ್ಯೂ ಹಿಡಿದು ಎಳೆತ ನೋಡಿ, ಆಮೇಲೆ ಜಾಗ ಬದಲಿಸಿ. ಇಷ್ಟಕ್ಕೂ ಜಗ್ಗದಿದ್ದರೆ ಕೈಗೆ ಕಚ್ಚಿದ ಒಂದನ್ನು ಹೊಡೆದು ಅದೇ ಬಿಳಿ ಕಾಗದದ ಮೇಲೆ ಇಟ್ಟು ನೋಡಿ; ನೀವು ತಂದ ಟ್ರ್ಯಾಪ್ ಆ ಜಾತಿಗೆ ಮಾಡಿದ್ದೇ ಅಲ್ಲದಿರಬಹುದು.